ಕೌನ್ಸೆಲರ್ ಮೇಡಂ ಹತ್ತಿರ ಚೌಕಾಸಿ

ಸುಮ್ಮನೆ ಕೂತು ಇನ್ನೊಬ್ಬರ ಮಾತು ಕೇಳುವುದಕ್ಕೂ ಸಂಬಳ ಉಂಟು ಎಂಬ ವಿಷಯ ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೂ ಪ್ರಯೋಜನವಿರಲಿಲ್ಲ. ಸುಮ್ಮನೆ ಕೂರುವುದೂ ನನಗೆ ಬಾರದು, ಇನ್ನೊಬ್ಬರ ಮಾತು ಕೇಳುವುದೂ ಬಾರದು. ಬಂಟ್ವಾಳದಲ್ಲಿ ನನ್ನದು ಹಳೆಯ ಬಾಗಿಲು, ಕಿಟಕಿ, ಕಂಬಗಳ ವ್ಯಾಪಾರ. ಕೆಡವುವ ಮನೆಗಳಿಂದ ಕೊಂಡು, ಹೊಸ ರೆಸಾರ್ಟುಗಳಿಗೆ ಮಾರುತ್ತೇನೆ. ಬಂಡವಾಳವೆಲ್ಲ ಬಾಯಿಯೇ. ಸಾಗುವಾನಿಯ ಬಾಗಿಲೊಂದರ ಎದುರು ಐದು ನಿಮಿಷ ನಿಂತೆನೆಂದರೆ ಬಿರುಕು, ಬಾಗು, ಗೆದ್ದಲಿನ ಅನುಮಾನ ಎಂದು ಎಷ್ಟು ಕುಂದು ಎಣಿಸುತ್ತೇನೆಂದರೆ, ಇಷ್ಟು ಕಾಲ ಇದನ್ನು ಮನೆಯಲ್ಲಿ ಇಟ್ಟುಕೊಂಡದ್ದೇ ತಪ್ಪು ಎಂದು ಮಾಲೀಕರಿಗೇ ನಾಚಿಕೆಯಾಗಬೇಕು. ಹೊಸಬರಿಗೆ ನಾನು ಕೊಡುವ ಬುದ್ಧಿವಾದವೂ ಇದೇ: ಕೊಳ್ಳಲು ಹೋದಾಗ ಹೊಗಳಬೇಡಿ.

ಎರಡು ವರ್ಷದ ಹಿಂದೆ ನಮ್ಮ ಮಗಳ ಶಾಲೆಗೆ ಕೌನ್ಸೆಲರ್ ಬಂದರು. ಬೆಳ್ತಂಗಡಿಯಿಂದ ದಿನಾ ಬಸ್ಸಿನಲ್ಲಿ ಬರುವ ಪ್ರತಿಮಾ ಎಂಬ ಚಿಕ್ಕ ಪ್ರಾಯದವರು. ಪೋಷಕರ ಸಭೆಯಲ್ಲಿ ಪ್ರಿನ್ಸಿಪಾಲರು ಅವರ ಜವಾಬ್ದಾರಿಗಳನ್ನು ಓದಿ ಹೇಳಿದರು. ಮಕ್ಕಳ ಮನಸ್ಸಿನ ಕಷ್ಟ ಕೇಳುವುದು, ಕೇಳಿದ್ದನ್ನು ಗುಟ್ಟಾಗಿಡುವುದು, ಮಗುವಿಗೆ ಅಪಾಯವಿದ್ದರೆ ಮಾತ್ರ ದೊಡ್ಡವರಿಗೆ ತಿಳಿಸುವುದು, ಬೇಕೆನಿಸಿದರೆ ವೈದ್ಯರಲ್ಲಿಗೆ ಕಳಿಸುವುದು, ಹೀಗೆ ಒಂದೂವರೆ ಪುಟ. ನಾನು ಎದ್ದು ನಿಂತೆ. "ಸರ್, ನಮ್ಮ ಕಾಲದಲ್ಲಿ ಇದನ್ನೆಲ್ಲ ಪಿ.ಟಿ. ಮಾಸ್ಟ್ರು ಒಂದೇ ಬೆತ್ತದಲ್ಲಿ ಮುಗಿಸ್ತಿದ್ರು" ಎಂದೆ. ಸಭೆ ಚಪ್ಪಾಳೆ ತಟ್ಟಿತು. ಶಾಲೆಯವರೂ ಆ ಪಟ್ಟಿಗೆ ನನ್ನಷ್ಟೇ ಗೌರವ ಕೊಟ್ಟರು ಎನ್ನಬೇಕು. ಗಣಿತದ ಟೀಚರ್ ರಜೆ ಹಾಕಿದರೆ ಕೌನ್ಸೆಲರ್, ಬಸ್ಸಿನ ಸಾಲು ನೋಡಿಕೊಳ್ಳಲು ಕೌನ್ಸೆಲರ್, ವಾರ್ಷಿಕೋತ್ಸವದಲ್ಲಿ ಅತಿಥಿಗಳಿಗೆ ಹೂಗುಚ್ಛದ ತಟ್ಟೆ ಹಿಡಿಯಲು ಕೌನ್ಸೆಲರ್. ಅವರಿಗೆ ಕೋಣೆಯೂ ಸಿಕ್ಕಿತು. ಆಟದ ಸಾಮಾನಿನ ಕೋಣೆಯ ಅರ್ಧ ಭಾಗ, ಬಾಗಿಲಿನ ಜಾಗದಲ್ಲಿ ಒಂದು ಪರದೆ. ಗುಟ್ಟು ಹೇಳಲು ಬಂದ ಮಗು ವಾಲಿಬಾಲ್‌ಗಳ ನಡುವೆ ಕೂತು ಪಿಸುಗುಟ್ಟಬೇಕು.

ಹೀಗಿರುವಾಗ ಹತ್ತನೆಯ ತರಗತಿಯ ನನ್ನ ಮಗಳು ಶ್ರಾವ್ಯ ನನ್ನೊಡನೆ ಮಾತು ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ. ನಾನು ಒಂದು ಮಾರು ದೂರದಲ್ಲಿ ಕೂತು ದೋಸೆ ತಿನ್ನುತ್ತಿದ್ದರೂ, "ಅಮ್ಮ, ಪ್ರೋಗ್ರೆಸ್ ಕಾರ್ಡಿಗೆ ಸೈನ್ ಬೇಕು ಅಂತ ಪಪ್ಪನಿಗೆ ಹೇಳು" ಎನ್ನುವಳು. ನಾಲ್ಕು ದಿನ ಸಹಿಸಿದ ನನ್ನ ಹೆಂಡತಿ, "ನಾನೆಂತ ಪೋಸ್ಟ್ ಆಫೀಸಾ?" ಎಂದು ಕಾವಲಿ ಕುಕ್ಕಿದಳು. ಒಂಬತ್ತನೆಯ ದಿನ ಅವಳಿಂದಲೇ ತಿಳಿಯಿತು: ಮಗಳು ಮಧ್ಯಾಹ್ನ ಊಟದ ಹೊತ್ತಿಗೆ ಆ ಪರದೆಯೊಳಗೆ ಹೋಗಿ ಕೂರುತ್ತಾಳಂತೆ. ಮನೆಯಲ್ಲಿ ನನಗೆ ಸಿಗದ ಮಾತು ಅಲ್ಲಿ ಬಿಟ್ಟಿ ಸಿಗುತ್ತಿದೆ! ಮರುದಿನವೇ ಶಾಲೆಗೆ ಹೋದೆ.

"ಮೇಡಂ, ನನ್ನ ಮಗಳು ಇಲ್ಲಿ ಎಂತ ಹೇಳಿದ್ಲು?"

"ಅದನ್ನು ಹೇಳ್ಲಿಕ್ಕೆ ಆಗುದಿಲ್ಲ ಸರ್."

"ಪೂರ್ತಿ ಬೇಡ. ಅರ್ಧ ಹೇಳಿ ಸಾಕು."

"ಅರ್ಧವೂ ಆಗುದಿಲ್ಲ. ಅವಳಿಗೆ ಅಪಾಯ ಏನೂ ಇಲ್ಲ, ಅಷ್ಟು ಧೈರ್ಯ ನಿಮಗೆ ಕೊಡ್ತೇನೆ."

ಅರ್ಧಕ್ಕೂ ಬಗ್ಗದ ಗಿರಾಕಿಗೆ ಏನು ಮಾಡಬೇಕೆಂದು ನನಗೆ ಗೊತ್ತು. "ನೋಡಿ, ನಿಮ್ಮ ಕೋಣೆಗೆ ಬಾಗಿಲಿಲ್ಲ. ನನ್ನಲ್ಲಿ ಸಾಗುವಾನಿಯದ್ದು ಒಂದುಂಟು, ಹಿತ್ತಾಳೆ ಚಿಲಕ ಸಮೇತ. ನಾಳೆಯೇ ಕೂರಿಸುವ. ನೀವು ಅವಳು ಹೇಳಿದ್ದನ್ನು ಹೇಳಿ."

ಮೇಡಂ ನಕ್ಕರು. "ಬಾಗಿಲು ಬೇಕಿತ್ತು ಸರ್. ಆದ್ರೆ ಮಕ್ಕಳ ಮಾತನ್ನೇ ಕೊಟ್ಟು ಬಾಗಿಲು ತಗೊಂಡ್ರೆ, ಮತ್ತೆ ಅದನ್ನು ಹಾಕಿಕೊಂಡು ನಾನು ಎಂತ ಮಾಡ್ಲಿ? ನೀವೇ ಹೇಳಿ, ಯಾವಾಗಿನಿಂದ ಅವಳು ಮಾತಾಡುದಿಲ್ಲ?" ಇಷ್ಟು ಕೇಳಿ ಸುಮ್ಮನಾದರು.

ಎದುರಿಗಿದ್ದವರು ಸುಮ್ಮನಾದರೆ ಆ ಜಾಗ ತುಂಬಿಸುವುದು ನನ್ನ ಹುಟ್ಟುಗುಣ. ಹೇಳತೊಡಗಿದೆ. ಮೂಡುಬಿದಿರೆಗೆ ಹೋಗಿ ಬಂದ ದಿನದಿಂದ, ಎಂದೆ. ಹತ್ತರ ಪರೀಕ್ಷೆಗೆ ಮೊದಲೇ ಪಿಯುಸಿ ಸೀಟು ಹಿಡಿದಿಡುವುದು ನಮ್ಮ ಕಡೆಯ ಬುದ್ಧಿವಂತರ ಪದ್ಧತಿ. ಹಾಸ್ಟೆಲ್ ಇರುವ ಒಂದು ಕಾಲೇಜಿಗೆ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಆಫೀಸಿನವರು ಫೀಸು ಹೇಳಿದರು. ರೇಟು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತಾನಾಗಿ ಹೊರಟಿತು. "ಅಷ್ಟು ಕೊಟ್ಟು ಓದಿಸುವಂಥ ಹುಡುಗಿ ಅಲ್ಲ ಸರ್ ಇವಳು. ಗಣಿತ ಸ್ವಲ್ಪ ಹಿಂದೆ. ನಿದ್ದೆ ಜಾಸ್ತಿ. ನಾಲ್ಕು ಜನರ ಎದುರು ಸ್ವರವೇ ಹೊರಡುದಿಲ್ಲ. ಸರಿಯಾಗಿ ನೋಡಿ ಒಂದು ರೇಟು ಮಾಡಿ." ಅವರು ಕನ್ನಡಕದ ಮೇಲಿನಿಂದ ಮಗಳನ್ನು ನೋಡಿ, "ಹಾಗಾದ್ರೆ ಇವಳಿಗೆ ಸ್ಪೆಷಲ್ ಕೋಚಿಂಗ್ ಬೇಕಾಗ್ತದೆ, ಅದರ ಫೀಸು ಬೇರೆ" ಎಂದರು. ಮೂವತ್ತು ವರ್ಷದ ಅನುಭವಸ್ಥ ನಾನು. ಆ ಮೇಜಿನ ಎದುರು ನಾನು ಕೊಳ್ಳುವವನಲ್ಲ, ಮಗಳನ್ನು ತೋರಿಸುವವನು ಎಂಬುದೇ ಹೊಳೆಯಲಿಲ್ಲ.

ಇದನ್ನು ನಗಿಸಲೆಂದೇ ಹೇಳಿದ್ದೆ. ಮೇಡಂ ನಗಲಿಲ್ಲ. "ಆಗ ಶ್ರಾವ್ಯ ಎಲ್ಲಿದ್ದಳು ಸರ್?" ಎಂದಷ್ಟೇ ಕೇಳಿದರು.

"ಪಕ್ಕದ ಕುರ್ಚಿಯಲ್ಲಿ" ಎಂದೆ. ಹೇಳುವಾಗ ನನ್ನ ಸ್ವರವೇ ಹೊರಡಲಿಲ್ಲ. ಅಂದು ಮಗಳು ತೊಡೆಯ ಮೇಲೆ ಫೈಲು ಇಟ್ಟುಕೊಂಡು, ಅದರ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಅದು ನನಗೆ ಕಂಡಿತ್ತು ಎಂಬುದೂ ಆಗಲೇ ನೆನಪಾಯಿತು. ಪರದೆಯ ಆಚೆ ಯಾರೋ ಕೆಮ್ಮಿದರು. ಅಷ್ಟೂ ಹೊತ್ತು ಅಲ್ಲಿ ಇಬ್ಬರು ಅಪ್ಪಂದಿರು ಸರದಿಯಲ್ಲಿ ಕಾಯುತ್ತಿದ್ದರು. ಮರುದಿನ ಬೆಳಿಗ್ಗೆಯೇ ಸಾಗುವಾನಿಯ ಬಾಗಿಲು ಕೂರಿಸಿದೆ. ದಾನ ಎಂದು ಪ್ರಿನ್ಸಿಪಾಲರು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ದಾನವೂ ಅಲ್ಲ, ಮಣ್ಣೂ ಅಲ್ಲ. ನನ್ನ ಮಾನ ಉಳಿಸಿಕೊಳ್ಳುವ ಖರ್ಚು.

ಸಂಜೆ ಮಗಳ ಎದುರು ಕೂತೆ. "ಮೂಡುಬಿದಿರೆಯಲ್ಲಿ ನಾನು ಹಾಗೆ ಹೇಳಬಾರದಿತ್ತು ಮಗಾ. ತಪ್ಪಾಯ್ತು." ಹೆಂಡತಿ ಅಡುಗೆಮನೆಯಿಂದ ಇಣುಕಿದಳು, ಈ ಶಬ್ದ ನನ್ನ ಬಾಯಿಂದ ಅವಳೂ ಕೇಳಿರಲಿಲ್ಲ.

ಶ್ರಾವ್ಯ ಪುಸ್ತಕ ಮುಚ್ಚಿದಳು. "ಅಲ್ಲಿ ಮೂರು ಕುಂದು ಹೇಳಿದ್ರಿ ಪಪ್ಪ. ಈಗ ನನ್ನಲ್ಲಿ ಒಳ್ಳೆಯದು ಐದು ಹೇಳಿ."

"ಅಕ್ಷರ ಚೆಂದ" ಎಂದೆ. "ಸುಳ್ಳು ಹೇಳುದಿಲ್ಲ" ಎಂದೆ. ಮತ್ತೆ ತಲೆ ಎತ್ತಿ ಮಾಡಿನ ಹಂಚು ನೋಡಿದೆ. ಹಳೆಯ ಬಾಗಿಲಲ್ಲಿ ನಲವತ್ತು ಕುಂದು ಹುಡುಕುವವನು ಎರಡಕ್ಕೇ ನಿಂತೆ. ಕೊನೆಗೆ, "ಹತ್ತು ದಿನ ಬಾಯಿ ಬಿಡದೆ ಕೂತಿಯಲ್ಲ, ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ" ಎಂದೆ.

ಅವಳ ತುಟಿ ಸ್ವಲ್ಪ ಓರೆಯಾಯಿತು. "ಅದು ನಿಮ್ಮ ಕಡೆಯಿಂದ ಬಂದದ್ದಲ್ಲ."

"ಮೂರು ಆಯ್ತಲ್ಲ, ಮೂರಕ್ಕೇ ಮುಗಿಸುವ."

"ಐದು" ಎಂದಳು. ಒಂದೂ ಬಿಡಲಿಲ್ಲ.

ನಿನ್ನೆ ಉಳಿದ ಎರಡಕ್ಕೆ ಸಹಾಯ ಕೇಳಲು ಮತ್ತೆ ಶಾಲೆಗೆ ಹೋದೆ. ಬಾಗಿಲು ಹಾಕಿತ್ತು. ಒಳಗೆ ಯಾರದೋ ಮಾತು ನಡೆದಿತ್ತು, ಕಿವಿಗೊಟ್ಟರೂ ಒಂದಕ್ಷರ ಕೇಳಲಿಲ್ಲ. ಹಳೆಯ ಕಾಲದ ಮರ, ಗಟ್ಟಿ ಉಂಟು. ಹೊರಗಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿದ್ದ ಇನ್ನೊಬ್ಬ ಅಪ್ಪ ಕುತ್ತಿಗೆ ಚಾಚಿ, "ನಿಮ್ಮದೆಂತ ಕಥೆ ಮಾರಾಯ್ರೇ?" ಎಂದರು.

"ಎರಡು ಕಡಿಮೆ ಬಿದ್ದಿದೆ" ಎಂದೆ.

"ಛೆ! ಮಗಳಿಗಾ?"

"ಅಲ್ಲ. ನನಗೆ."