ಸಾಯಲೊಲ್ಲದ ಆರ್ವಿಲ್

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ, ಬೆಳಗಿನ ತಿಂಡಿಯ ಹೊತ್ತಿಗೆ ಅಮ್ಮ ಆಡಿದ ಮಾತು.

"ಇಷ್ಟೊಂದು ಸಿನಿಮಾದಲ್ಲಿ ಸತ್ತಿದ್ದೀಯಲ್ಲೋ, ಒಂದರಲ್ಲಾದ್ರೂ ನಿನ್ನ ಮುಖ ಕಂಡಿದ್ಯಾ? ಪಕ್ಕದ್ಮನೆ ಮೇಬಲ್ ಕೇಳ್ತಾಳೆ, ಆ ಬೆನ್ನು ನಿಮ್ಮ ಮಗಂದೇ ಅಂತ ಏನು ಗ್ಯಾರಂಟಿ ಅಂತ!"

ಆರ್ವಿಲ್‌ನ ಗಂಟಲಲ್ಲಿ ಟೋಸ್ಟ್ ಸಿಕ್ಕಿಕೊಂಡಿತು. ಹಾಲಿವುಡ್ಡಿನ ಹಿತ್ತಲಲ್ಲಿ ವಾರಕ್ಕೊಂದು ಪತ್ತೇದಾರಿ ಚಿತ್ರ ಸುತ್ತಿ ಬಿಸಾಕುವ ಕಂಪನಿಯಲ್ಲಿ, ಗುಂಡೇಟು ತಿಂದು ಬೋರಲು ಬೀಳುವುದೇ ಅವನ ಕೆಲಸ. ಸೆಟ್ ಹಾಕಲು ದುಡ್ಡಿಲ್ಲದ ಕಡೆಯೆಲ್ಲ ಅಲ್ಲಿ ಕತ್ತಲು. ಕತ್ತಲೂ ಸಾಲದಿದ್ದರೆ ಹೊಗೆ. ಇವತ್ತು ಮುಖ ತೋರಿಸಿಯೇ ಸೈ ಎಂದುಕೊಂಡು ಅವನು ಟ್ರಾಮ್ ಹತ್ತಿದ.

"ವಿಲ್ಮಾ, ಮುಖಕ್ಕೆ ಚೆನ್ನಾಗಿ ಪೌಡರ್ ಹಚ್ಚು" ಎಂದ ಮೇಕಪ್‌ನವಳಿಗೆ.

"ಕಾಣೋದು ಬೆನ್ನು. ಅದಕ್ಕೇ ಹಚ್ಲಾ?"

ಚಿತ್ರೀಕರಣ ಶುರುವಾಯಿತು. ನಾಯಕ ಢಮ್ಮೆಂದು ಗುಂಡು ಹಾರಿಸಿದ. ಆರ್ವಿಲ್ ಬೀಳಲಿಲ್ಲ.

"ಬೀಳೋ!" ನಿರ್ದೇಶಕ ಬ್ರಾಂಟ್ ಅರಚಿದ. "ಫಿಲ್ಮ್ ಹಾಳಾಗ್ತಿದೆ! ಇನ್ನೊಂದ್ಸಲ ತೆಗೆಯೋಕೆ ಮೊಳದುದ್ದಾನೂ ಇಲ್ಲ!"

"ಬೀಳಲ್ಲ ಸಾರ್. ಸತ್ತು ಸತ್ತು ಸಾಕಾಗಿದೆ."

ನಾಯಕ ಗಾಬರಿಯಿಂದ ಪಿಸ್ತೂಲು ಖಾಲಿಯಾಗುವವರೆಗೂ ಹಾರಿಸಿದ. ಆರ್ವಿಲ್ ಎದೆಯುಬ್ಬಿಸಿಕೊಂಡು ಅಲ್ಲಿದ್ದ ಒಂದೇ ದೀಪದ ಕಡೆ ನಡೆದ. ಹ್ಯಾಟು ತೆಗೆದು ಹಲ್ಲು ಕಿರಿಯುವಷ್ಟರಲ್ಲಿ, ಹೊಗೆ ಬಿಡುವವನು ದಿಕ್ಕು ತೋಚದೆ ಡ್ರಮ್ಮಿನ ಹೊಗೆಯನ್ನೆಲ್ಲ ಒಮ್ಮೆಲೇ ಬಿಟ್ಟುಬಿಟ್ಟ. ಆರ್ವಿಲ್‌ನ ಮುಖ ಮತ್ತೆ ಮುಚ್ಚಿಹೋಯಿತು. ಎಲ್ಲರೂ ಕೆಮ್ಮುತ್ತ ಹೊರಗೋಡಿದರು.

ಕೆಲಸ ಹೋಯಿತೆಂದೇ ಆರ್ವಿಲ್ ಅಂದುಕೊಂಡಿದ್ದ. ಆದರೆ ಬ್ರಾಂಟ್ ಬಂದು ಅವನನ್ನು ತಬ್ಬಿಕೊಂಡ.

"ಅಷ್ಟು ಗುಂಡು ತಿಂದೂ ಸಾಯದೋನು! ಇಂಥಾ ಖಳನಾಯಕ ಯಾರ ಹತ್ರ ಇದಾನೆ ಹೇಳು? ಇನ್ನು ಕೊನೇವರೆಗೂ ನೀನೇ ಕಣೋ, ಪ್ರತಿ ದೃಶ್ಯದಲ್ಲೂ!"

ಆರ್ವಿಲ್ ಫೋನಿಗೆ ಓಡಿದ. "ಅಮ್ಮಾ, ಮೇಬಲ್‌ಗೂ ಒಂದು ಟಿಕೆಟ್ ತಗೋ. ಮುಂದಿನ ಸಾಲಿಂದೇ!"

ಮರಳಿ ಬಂದಾಗ ವಿಲ್ಮಾ ಬ್ಯಾಂಡೇಜಿನ ಸುರುಳಿ ಹಿಡಿದು ಕಾಯುತ್ತಿದ್ದಳು.

"ಇದು ಯಾಕೆ?"

"ಅಷ್ಟು ಗುಂಡು ತಿಂದೋನ ಮುಖ ನೆಟ್ಟಗಿರುತ್ತೇನೋ ಮಾರಾಯ?" ಎನ್ನುತ್ತ ಅವಳು ತಲೆಯಿಂದ ಕತ್ತಿನವರೆಗೆ ಸುತ್ತಿದಳು. "ಉಸಿರಾಡೋಕೆ ಬಾಯಿ ಹತ್ರ ತೂತು ಬಿಟ್ಟಿದೀನಿ. ಸುಮ್ನಿರು."

ಕ್ಯಾಮೆರಾ ಚಾಲೂ ಆಯಿತು. ತನ್ನದು ಇಷ್ಟಾದರೂ ಕಾಣಲಿ ಎಂದು ಆರ್ವಿಲ್ ಆ ತೂತಿನಿಂದ ನಾಲಿಗೆಯನ್ನು ಪೂರ್ತಿ ಹೊರಚಾಚಿದ. ಬ್ರಾಂಟ್ ತಲೆ ಚಚ್ಚಿಕೊಂಡ, ಆದರೆ ಮತ್ತೆ ತೆಗೆಯಲು ಫಿಲ್ಮ್ ಎಲ್ಲಿತ್ತು? ನಾಲಿಗೆ ಚಿತ್ರದಲ್ಲೇ ಉಳಿಯಿತು.

ಚಿತ್ರ ತೆರೆಕಂಡ ದಿನ ಅಮ್ಮ ಮುಂದಿನ ಸಾಲಿನಲ್ಲಿ ಕುಳಿತು, "ನೋಡೇ, ನನ್ನ ಮಗ!" ಎಂದು ಚಪ್ಪಾಳೆ ತಟ್ಟಿದಳು.

ಮೇಬಲ್ ಅವಳ ಕಿವಿಯ ಹತ್ತಿರ ಬಾಗಿದಳು. "ಆ ನಾಲಿಗೆ ನಿಮ್ಮ ಮಗಂದೇ ಅಂತ ಏನ್ರೀ ಗ್ಯಾರಂಟಿ?"