ಅರ್ಧ ಮುಖ, ಒಂದು ಮೊಣಕೈ

ನಮ್ಮ ಮನೆಯಲ್ಲಿ ನಾವು ನಾಲ್ಕು ಜನ. ನಾನು, ನನ್ನ ಗಂಡ, ಒಂಬತ್ತು ತಿಂಗಳ ಮಗಳು ಬುಗುರಿ (ಹಾಸಿಗೆಗೆ ಹಾಕಿದ ತಕ್ಷಣ ಗಿರಗಿರ ಸುತ್ತುವುದರಿಂದ ಬಂದ ಬಿರುದು), ಮತ್ತು ನಡುಮನೆಯ ಗೋಡೆಯ ಮೇಲೆ ಒಬ್ಬ ಕೂದಲಪ್ಪ. ಮೊದಲ ಮೂವರಿಗೆ ಊಟ, ನಿದ್ದೆ, ನೆಗಡಿ, ಜ್ವರ ಎಲ್ಲವೂ ಉಂಟು. ನಾಲ್ಕನೆಯವರಿಗೆ ಇರುವುದು ಒಂದೇ: ಅನ್ಯಾಯ. ಆ ಅನ್ಯಾಯದ ವಿವರಗಳನ್ನು ಮದುವೆಯಾದ ವಾರದಿಂದ ಕೇಳಿಕೊಂಡು ಬಂದಿದ್ದೇನೆ. ನನ್ನ ಹುಟ್ಟಿದ ದಿನ ಮರೆತರೂ ಕೂದಲಪ್ಪನವರಿಗೆ ಯಾವ ವರ್ಷ ಯಾವ ಪ್ರಶಸ್ತಿ ತಪ್ಪಿತು ಎಂಬುದು ನನ್ನ ಗಂಡನಿಗೆ ಮರೆಯುವುದಿಲ್ಲ.

ಕೂದಲಪ್ಪ ಎನ್ನುವುದು ನಾನಿಟ್ಟ ಹೆಸರು. ನನ್ನ ಗಂಡ 'ಗುರುಗಳು' ಎನ್ನುತ್ತಾರೆ. ಲೋಕವಿಖ್ಯಾತ ಹೆವಿ ಮೆಟಲ್ ಬ್ಯಾಂಡ್ ಒಂದರ ಲೀಡ್ ಗಿಟಾರಿಸ್ಟ್ ಈ ಗುರುಗಳು. (ನನ್ನ ಮಟ್ಟಿಗೆ ಹೆವಿ ಮೆಟಲ್ ಎಂದರೆ ನನ್ನ ಗಂಡನ ಸ್ಪ್ಯಾನರ್ ಪೆಟ್ಟಿಗೆ. ಅದನ್ನು ಸರಿಸಿ ಕಸ ಗುಡಿಸುವವಳು ನಾನು.) ಗೋಡೆಯ ಮೇಲಿನ ಪೋಸ್ಟರಿನ ಮುಕ್ಕಾಲು ಭಾಗ ಬಾಯಿ ತೆರೆದು ನಿಂತ ಹಾಡುಗಾರನದು. ಹಿಂದೆ ಹೊಗೆ. ಆ ಹೊಗೆಯಲ್ಲಿ ಗುರುಗಳ ಅರ್ಧ ಮುಖ, ಒಂದು ಮೊಣಕೈ.

"ನೋಡು, ನೋಡು, ಹಾಡಿಗೆ ಜೀವ ಕೊಟ್ಟವರು ಅವರು, ಬಾಯಿ ತೆರೆದವನಿಗೆ ಜಾಗ! ಮೊನ್ನೆ ಸಂಗೀತ ಪತ್ರಿಕೆಯವರು ಈ ವರ್ಷದ ನೂರು ಜನ ಮಹಾನ್ ಗಿಟಾರಿಸ್ಟ್‌ಗಳ ಪಟ್ಟಿ ಹಾಕಿದಾರೆ. ಗುರುಗಳು ಎಷ್ಟನೆಯವರು ಗೊತ್ತಾ?"

"ಮೂವತ್ತೇಳು ರೀ. ನಿನ್ನೇನೂ ಹೇಳಿದ್ರಿ."

"ಮೂವತ್ತೇಳು!"

ಆ ಪತ್ರಿಕೆಗೆ ಅವರು ನಾಲ್ಕು ವರ್ಷದಿಂದ ಪತ್ರ ಬರೆಯುತ್ತಿದ್ದಾರೆ. ಒಂದಕ್ಕೂ ಉತ್ತರ ಬಂದಿಲ್ಲ. ಅವರ ಸಂಕಟ ನನಗೆ ಅರ್ಥವಾಗದೆ ಇಲ್ಲ. ಅವರ ಕೆಲಸ ಲಿಫ್ಟ್ ರಿಪೇರಿ. ಲಿಫ್ಟ್ ಓಡುವಾಗ ಅವರನ್ನು ನೆನೆಯುವವರಿಲ್ಲ. ನಿಂತಾಗ ಮಾತ್ರ ಮಹಡಿಗೊಬ್ಬರಂತೆ ನೆನೆಯುತ್ತಾರೆ, ಆ ಭಾಷೆಯನ್ನು ಇಲ್ಲಿ ಬರೆಯುವಂತಿಲ್ಲ. ಹಾಗೆಂದು ನಾನು ಸಹಾನುಭೂತಿ ತೋರಿಸುತ್ತಿದ್ದೆನೇ? ಇಲ್ಲ. ತಂತಿ ಎಳೆಯುವುದಕ್ಕೆ ಇಷ್ಟು ಮನ್ನಣೆ ಸಾಕು ಎಂದು ತೀರ್ಪು ಕೊಟ್ಟು ಅಡುಗೆಮನೆಗೆ ಹೋಗುತ್ತಿದ್ದೆ.

ನನ್ನ ಚಿಂತೆಯೇ ಬೇರೆ ಇತ್ತು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಬಂದವರಿಗೆ ಒಂದು ಕಣ್ಣು ಮುಚ್ಚಿಸಿ ಅಕ್ಷರ ಓದಿಸುವುದು, ಫ್ರೇಮನ್ನು ಬಿಸಿ ಮಾಡಿ ಕಿವಿಗೆ ತಕ್ಕಂತೆ ಬಗ್ಗಿಸುವುದು, 'ನಿಮ್ಮ ಮುಖಕ್ಕೆ ಬಹಳ ಒಪ್ಪುತ್ತದೆ' ಎಂದು ಪ್ರತಿಯೊಬ್ಬರಿಗೂ ಹೇಳುವುದು. ಬಾಣಂತನಕ್ಕೆ ಹೋದವಳ ಸ್ಟೂಲನ್ನು ಯಜಮಾನರು ಖಾಲಿ ಇಟ್ಟುಕೊಂಡು ಕಾದಿದ್ದರು. ಕಳೆದ ವಾರ ಫೋನ್ ಮಾಡಿದರು: "ಸೋಮವಾರ ಬರ್ತೀಯೋ ಇಲ್ವೋ ಖಚಿತ ಹೇಳಮ್ಮ. ಇಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡ."

ಬರಬೇಕಾದರೆ ಬುಗುರಿಗೆ ಡೇ ಕೇರ್‌ನಲ್ಲಿ ಜಾಗ ಸಿಗಬೇಕು. ನಮ್ಮ ಬೀದಿಯ ತುದಿಯಲ್ಲೇ ಒಂದಿದೆ. ನಲವತ್ತು ವರ್ಷ ಶಾಲೆ ಆಳಿ ನಿವೃತ್ತರಾದ ಹೆಡ್ ಮೇಡಂ ನಡೆಸುತ್ತಾರೆ. ಅವರದು ಒಂದೇ ಶಾಸನ: ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಮಕ್ಕಳೂ ಮಲಗಬೇಕು. ಶುಕ್ರವಾರ ಪರೀಕ್ಷೆ. ಹೊಸ ಮಗು ಮಲಗಿದರೆ ಸೋಮವಾರದಿಂದ ಜಾಗ, ಅತ್ತು ಉಳಿದ ಹನ್ನೊಂದು ಮಕ್ಕಳನ್ನು ಎಬ್ಬಿಸಿದರೆ, "ದಯವಿಟ್ಟು ಬೇರೆ ಕಡೆ ನೋಡಿಕೊಳ್ಳಿ."

ನನ್ನ ಮಗಳಿಗೂ ನಿದ್ದೆಗೂ ಹುಟ್ಟಿದಂದಿನಿಂದ ಮಾತುಕತೆಯಿಲ್ಲ. ನನ್ನ ಡೈರಿಯಲ್ಲಿ ದಾಖಲೆ ಇದೆ. 'ಮಂಗಳವಾರ: ಲಾಲಿ, ನಲವತ್ತು ನಿಮಿಷ. ಫಲಿತಾಂಶ: ನನಗೆ ಆಕಳಿಕೆ, ಮಗುವಿಗೆ ಉತ್ಸಾಹ.' ನಾನು ಹಾಡುವಾಗ ಅವಳು ನನ್ನನ್ನು ನೋಡುವ ರೀತಿಯಲ್ಲಿ ಒಂದು ಕರುಣೆ ಇರುತ್ತದೆ. ಪಾಪ, ಅಮ್ಮ ಪ್ರಯತ್ನ ಪಡುತ್ತಿದ್ದಾಳೆ, ಎನ್ನುವಂತೆ.

ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಬಂದರು. ನಾನು ಮಗುವನ್ನು ಅವರ ತೋಳಿಗೆ ತುರುಕಿ ಸಾರು ಬಿಸಿ ಮಾಡಲು ಹೋದೆ. ಕೋಣೆಯಿಂದ ಗೋಡೆ ದಾಟಿ ಕೊಂಯ್ಯ್ ಎಂದು ಏನೋ ಕೇಳಿಸಿತು. ಮೂರು ನಿಮಿಷಕ್ಕೆ ಅವರು ಕಾಲ್ಬೆರಳ ತುದಿಯಲ್ಲಿ ನಡೆದುಕೊಂಡು ಹೊರಬಂದರು. ಮುಖದಲ್ಲಿ ಎಂಥ ಕಾಂತಿ!

"ಮಲಗಿದ್ಲು."

"ಸುಳ್ಳು."

"ಗುರುಗಳ ಸೋಲೋ ಹಾಕಿದೆ ಕಣೇ. ಅವರೊಬ್ಬರೇ ನುಡಿಸೋ ಭಾಗ. ಅದು ಮುಗಿಯೋ ಮೊದಲೇ ಮಲಗಿದ್ಲು!"

"ನಾನು ಆಗಲೇ ಹಾಡಿದ್ದೆನಲ್ಲ, ಅದು ಈಗ ನಾಟಿದೆ," ಎಂದೆ. "ಮಾತ್ರೆಯ ಥರ, ನಿಧಾನ."

ಆದರೆ ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಲೆಕ್ಕ ತಪ್ಪಬಾರದೆಂದು ಡೈರಿಯಲ್ಲಿ ಬರೆದುಕೊಂಡೆ: 'ಲಾಲಿ ಮತ್ತು ಇತರೆ ಕ್ರಮಗಳಿಂದ ಮಗು ಮಲಗಿತು.' ಡೇ ಕೇರ್‌ನ ಅರ್ಜಿಯಲ್ಲಿ 'ಮಗು ಹೇಗೆ ಮಲಗುತ್ತದೆ?' ಎಂಬ ಕಾಲಂ ಇತ್ತು. ಅಲ್ಲಿ ಇತರೆಯನ್ನೂ ಕೈಬಿಟ್ಟು, 'ತಾಯಿಯ ಲಾಲಿಗೆ' ಎಂದು ದುಂಡಗೆ ಬರೆದೆ.

ಗುರುವಾರ ಸಂಜೆ ಪೆನ್ನು ಹುಡುಕುತ್ತಾ ನನ್ನ ಗಂಡ ಎರಡನ್ನೂ ಓದಿಬಿಟ್ಟರು.

"ಇತರೆ! ಮೂವತ್ತು ವರ್ಷದ ಸಾಧನೆ ನಿನ್ನ ಡೈರೀಲಿ ಇತರೆ! ಆ ಪತ್ರಿಕೆಯವರೇ ವಾಸಿ, ಒಂದು ನಂಬರಾದ್ರೂ ಕೊಟ್ಟಿದ್ರು!"

"ಮತ್ತೇನು ಬರೀಲಿ? 'ಕೂದಲಪ್ಪ ಅರಚಿದರೆ ಮಲಗುತ್ತದೆ' ಅಂತಲಾ? ಮೇಡಂ ಗೇಟ್ ತೆಗೀತಾರಾ?"

"ಅರಚೋನು ಹಾಡುಗಾರ! ಗುರುಗಳು ನುಡಿಸ್ತಾರೆ! ಇಷ್ಟು ವರ್ಷ ಆಯ್ತು, ಯಾವುದು ಗಂಟಲು ಯಾವುದು ಗಿಟಾರ್ ಅಂತ ಗೊತ್ತಾ ನಿಂಗೆ?"

"ಒಂಬತ್ತು ತಿಂಗಳು ಹೊತ್ತವಳು ನಾನು!"

"ಅದರ ಪೂರ್ತಿ ಕ್ರೆಡಿಟ್ ನಿಂಗೇ. ನಾನು ಯಾವತ್ತಾದ್ರೂ 'ತಾಯಿ ಮತ್ತು ಇತರೆ' ಅಂದಿದೀನಾ?"

ವಾದದಲ್ಲಿ ಸೋತಾಗ ಮಾಡುವುದನ್ನೇ ಮಾಡಿದೆ: ಅವರೊಂದಿಗೆ ಮಾತು ಬಿಟ್ಟೆ.

ಮಾತು ಬಿಡುವಾಗ ಒಂದು ಯೋಚನೆ ಮಾಡಬೇಕಿತ್ತು. ಸೋಲೋ ಭಾಗವಷ್ಟೇ ಬೇರೆಯಾಗಿ ಇದ್ದದ್ದು ಅವರ ಫೋನಿನಲ್ಲಿ. ಅದು ಬೆಳಿಗ್ಗೆ ಏಳಕ್ಕೇ ಅವರ ಜೇಬಿನಲ್ಲಿ ಕೆಲಸಕ್ಕೆ ಹೊರಟುಹೋಯಿತು. ಕೇಳಲು ಅಭಿಮಾನ ಬಿಡಲಿಲ್ಲ. ಹಾಡಿನ ಹೆಸರು ಗೊತ್ತಿತ್ತು, ನನ್ನ ಫೋನಿಗೆ ಇಡೀ ಹಾಡನ್ನೇ ಇಳಿಸಿಕೊಂಡೆ. ಆರೂವರೆ ನಿಮಿಷದ ಹಾಡು. ಮನೆಯಲ್ಲೇ ಒಮ್ಮೆ ಕೇಳಿ ನೋಡೋಣವೆಂದರೆ ಬುಗುರಿ ಬೆಳಿಗ್ಗೆಯೇ ಮಲಗಿಬಿಟ್ಟು ಮಧ್ಯಾಹ್ನದ ನಿದ್ದೆ ಕೆಡಬಹುದೆಂಬ ಭಯ. ಎಲ್ಲಿ ಹಾಕಿದರೂ ಗಿಟಾರ್ ಇದ್ದೇ ಇರುತ್ತದಲ್ಲ, ಅಂದುಕೊಂಡೆ.

ಡೇ ಕೇರ್‌ನ ಮಲಗುವ ಕೋಣೆ ಉದ್ದಕ್ಕಿದೆ. ಎರಡು ಸಾಲು ಪುಟ್ಟ ಹಾಸಿಗೆ, ಕಿಟಕಿಗೆ ಹಸಿರು ಬಟ್ಟೆ, ಒಂದು ಮೂಲೆಯಲ್ಲಿ ಒಗೆದ ಬಟ್ಟೆಗಳ ಗೂಡು, ಅದಕ್ಕೊಂದು ಪರದೆ. ಮೊದಲ ದಿನ ತಾಯಿ ಆ ಪರದೆಯ ಹಿಂದೆ ಕೂರಬಹುದು, ಮಗುವಿಗೆ ಕಾಣಿಸಿಕೊಳ್ಳುವಂತಿಲ್ಲ.

"ಲಾಲಿ ಹಾಡ್ತೀರಂತೆ," ಎಂದರು ಮೇಡಂ, ಅರ್ಜಿಯನ್ನು ಕನ್ನಡಕದ ಕೆಳಗಿನಿಂದ ನೋಡುತ್ತಾ. (ಎಡಗಡೆ ಕಡ್ಡಿ ಸ್ವಲ್ಪ ಮೇಲೆದ್ದಿತ್ತು. ಕೈ ತುರಿಸಿತು, ಸುಮ್ಮನಿದ್ದೆ.) "ಹಾಡಿ. ಮೆಲ್ಲಗೆ. ನಾನು ಆಫೀಸಿನಲ್ಲಿರ್ತೀನಿ."

ಒಂದು ಗಂಟೆ. ಹನ್ನೊಂದು ಮಕ್ಕಳು ಗುಂಡಿ ಒತ್ತಿದಂತೆ ಮಲಗಿದವು. ಆಯಾ ಬಾಗಿಲಲ್ಲಿ ಕೂತಳು. ಬುಗುರಿ ಎದ್ದು ಕೂತು, ಹೊಸ ಜಾಗದ ಸೂರನ್ನು ಪರಿಶೀಲಿಸಿ, ತುಟಿ ಕೆಳಗೆ ಮಾಡಿದಳು. ಪರದೆಯ ಹಿಂದಿನಿಂದ ಲಾಲಿ ಶುರು ಮಾಡಿದೆ. ಬುಗುರಿ ಪರದೆಯ ಕಡೆ ತಿರುಗಿ ಅದೇ ಕರುಣೆಯ ನೋಟ ಬೀರಿ, ಅಳುವುದಕ್ಕೆ ಉಸಿರು ಎಳೆದುಕೊಂಡಳು. ಆ ಉಸಿರಿನ ಉದ್ದ ನನಗೆ ಗೊತ್ತು. ಅದು ಮುಗಿದರೆ ಜಾಗ ಹೋಯಿತು, ಸ್ಟೂಲು ಹೋಯಿತು, ಸೋಮವಾರ ಹೋಯಿತು. ಫೋನ್ ತೆಗೆದು ಹಾಡಿನ ನಡುವೆ ಎಲ್ಲೋ ಒತ್ತಿದೆ.

ಕೇಳಿಸಿದ್ದು ಹಾಡುಗಾರನ ಆರ್ಭಟ.

ಅದು ಗಿಟಾರ್ ಇರಬಹುದು, ಈಗ ಇಂಪಾಗುತ್ತದೆ, ಎಂದು ನಾಲ್ಕು ಸೆಕೆಂಡ್ ಕಾದೆ. (ಗಂಡನ ಪ್ರಶ್ನೆಗೆ ಉತ್ತರ ಇಲ್ಲಿದೆ: ಗೊತ್ತಿರಲಿಲ್ಲ.) ಆ ನಾಲ್ಕು ಸೆಕೆಂಡಿಗೆ ಹನ್ನೊಂದು ಮಕ್ಕಳೂ ಎದ್ದು ಕೂತವು. ಮುಂದಕ್ಕೆ ಒತ್ತಿದೆ, ಮತ್ತೆ ಆರ್ಭಟ. ಹಿಂದಕ್ಕೆ ಒತ್ತಿದೆ, ಇನ್ನೂ ದೊಡ್ಡ ಆರ್ಭಟ. ನಿಲ್ಲಿಸಿದೆ. ಈಗ ಹನ್ನೆರಡು ಗಂಟಲುಗಳ ಆರ್ಭಟ. ಗೂಡಿನ ಬಟ್ಟೆಗಳ ನಡುವೆ ತಲೆ ತುರುಕಿ ಗಂಡನಿಗೆ ಫೋನ್ ಮಾಡಿದೆ. ಅವರು ಯಾವುದೋ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದರು.

"ರೀ, ಸೋಲೋ ಎಲ್ಲಿಂದ ಶುರು?"

"ಏನು? ಜೋರಾಗಿ ಹೇಳು, ಮೋಟಾರ್ ಓಡ್ತಿದೆ!"

"ಸೋಲೋ! ನಿಮ್ಮ ಕೂದ... ನಿಮ್ಮ ಗುರುಗಳದು! ಎಷ್ಟನೇ ನಿಮಿಷ?"

ಅವರು ಮೋಟಾರ್ ನಿಲ್ಲಿಸಿದರು. ಆ ಮನುಷ್ಯ ನಾಲ್ಕು ವರ್ಷದಿಂದ ಒಂದು ಉತ್ತರಕ್ಕಾಗಿ ಕಾದವರು. "ಹೇಳ್ತೀನಿ. ಮೊದಲು ಒಂದು ಮಾತು ಒಪ್ಕೋ. ಅವರಿಗೆ ಇನ್ನೂ ಹೆಚ್ಚು ಮನ್ನಣೆ ಸಿಗಬೇಕಿತ್ತು ಅಂತ."

"ರೀ, ಇಲ್ಲಿ ಹನ್ನೆರಡು ಮಕ್ಕಳು ಅಳ್ತಿವೆ!"

"ಹನ್ನೆರಡು ಮಾತಲ್ಲ, ಒಂದೇ ಮಾತು."

"ಸಿಗಬೇಕಿತ್ತು! ಮೂವತ್ತೇಳು ಅನ್ಯಾಯ! ಸಾಕಾ?"

"ನಾಲ್ಕು ನಿಮಿಷ ಹನ್ನೆರಡು ಸೆಕೆಂಡ್," ಎಂದರು.

ಪರದೆ ಸರಿಸಿ ಇಣುಕಿದೆ. ಮೇಡಂ ಕೋಣೆಯ ನಡುವೆ ನಿಂತು ಎರಡೂ ಕೈ ಮೇಲೆತ್ತಿ "ಶ್ಶ್! ಶ್ಶ್!" ಎನ್ನುತ್ತಿದ್ದರು. ಕೇಳುವವರಿಲ್ಲ. ನಾನು ನಾಲ್ಕು ಹನ್ನೆರಡಕ್ಕೆ ಒತ್ತಿದೆ.

ಗೋಡೆಯ ಆಚೆಯಿಂದ ಕೊಂಯ್ಯ್ ಎಂದು ಕೇಳುತ್ತಿದ್ದದ್ದನ್ನು ಅಂದು ಮೊದಲ ಸಲ ಹತ್ತಿರದಿಂದ ಕೇಳಿದೆ. ಅರಚಾಟವೇ ಇಲ್ಲ. ಒಂದೇ ತಂತಿ, ಎಳೆದೆಳೆದು, ಸುಸ್ತಾದ ಯಾರೋ ಹೆಗಲ ಮೇಲೆ ಕೈಯಿಟ್ಟು 'ಆಯ್ತು, ಆಯ್ತು, ನಾನಿದ್ದೇನೆ' ಎನ್ನುವಂತೆ. ಬುಗುರಿ ಬಾಯಿ ಮುಚ್ಚಿದಳು. ರೆಪ್ಪೆ ಒಮ್ಮೆ ಬಿತ್ತು, ಎದ್ದಿತು, ಬಿತ್ತು. ಪಕ್ಕದ ಮಗು ಅವಳ ಮೇಲೆ ಒರಗಿತು. ಹಾಗೇ ಸಾಲು ಸಾಲಾಗಿ, ದೀಪ ಆರಿಸಿಕೊಂಡು ಹೋದಂತೆ, ಹನ್ನೆರಡೂ ಮಲಗಿದವು. ನನಗೇ ಕಣ್ಣು ಎಳೆಯುತ್ತಿತ್ತು. ಗೂಡಿನ ಅಂಚು ಹಣೆಗೆ ಬಡಿದು ಎಚ್ಚರವಾಯಿತು.

ಮೇಡಂ ಎತ್ತಿದ ಕೈಗಳನ್ನು ನಿಧಾನವಾಗಿ ಇಳಿಸಿ, ಅವುಗಳನ್ನೇ ಒಮ್ಮೆ ಮೆಚ್ಚುಗೆಯಿಂದ ನೋಡಿಕೊಂಡರು.

"ನೋಡಿದ್ರೇನಮ್ಮ?" ಎಂದು ಪಿಸುಗುಟ್ಟಿದರು. "ಬೀದೀಲಿ ಯಾವನೋ ದರಿದ್ರದೋನು ಏನೋ ಹಾಕಿ ನನ್ನ ಮಕ್ಕಳನ್ನ ಎಬ್ಬಿಸಿಬಿಟ್ಟ. ಆಮೇಲೆ ಅವನಿಗೇ ನಾಚಿಕೆಯಾಯ್ತೋ ಏನೋ, ಸ್ವಲ್ಪ ಮೆತ್ತಗೆ ಮಾಡ್ದ. ಆದ್ರೆ ನಲವತ್ತು ವರ್ಷದ ಅಭ್ಯಾಸ ನೋಡಿ. ಕೈ ಎತ್ತಿದ್ರೆ ಸಾಕು."

ನಿಜ ನಾಲಿಗೆಯ ತುದಿಯವರೆಗೆ ಬಂತು. ಮಲಗಿಸಿದವರು ಇವರಲ್ಲ, ಗುರುಗಳು; ಒತ್ತಿದವಳು ನಾನು; ನಿಮಿಷ ಹೇಳಿದ್ದು ಲಿಫ್ಟಿನ ನೆತ್ತಿಯ ಮೇಲಿರುವ ನನ್ನ ಗಂಡ. ಆದರೆ ಮಲಗಿಸಿದ ಕೀರ್ತಿ ಕೇಳಲು ಹೋದರೆ ಎಬ್ಬಿಸಿದ ಅಪಕೀರ್ತಿಯೂ ಜೊತೆಗೇ ಬರುತ್ತದೆ. ಕಣ್ಣ ಮುಂದೆ ಖಾಲಿ ಸ್ಟೂಲು ಬಂದು ನಿಂತಿತು.

"ನಿಮ್ಮ ಕೈಗುಣ, ಮೇಡಂ," ಎಂದೆ.

ಮೇಡಂ ಅರ್ಜಿಯಲ್ಲಿ 'ತಾಯಿಯ ಲಾಲಿಗೆ' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ 'ಸೋಮವಾರದಿಂದ ಬರಲಿ' ಎಂದು ಬರೆದರು. ಗೇಟಿನ ಹತ್ತಿರ ಆಯಾ ಹಿಂದೆಯೇ ಬಂದಳು. "ಅಕ್ಕಾ, ಅದನ್ನ ನನ್ನ ಫೋನಿಗೂ ಕಳ್ಸಿ," ಎಂದಳು ಮೆಲ್ಲಗೆ. "ಕಿರುಚೋದು ಬೇಡ. ಕಿರುಚಿದ್ಮೇಲೆ ಬರುತ್ತಲ್ಲ, ಅದು. ಮೇಡಂ ಕೈ ಎತ್ತೋ ಹೊತ್ತಿಗೆ ಸರಿಯಾಗಿ ಹಾಕ್ತೀನಿ."

ಸಂಜೆ ಪೋಷಕರ ಗುಂಪಿಗೆ ಒಂದು ಫೋಟೋ ಬಂತು, ಆಯಾ ತೆಗೆದದ್ದು. ನಡುವೆ ಎರಡೂ ಕೈ ಎತ್ತಿದ ಮೇಡಂ, ಸುತ್ತ ಮಲಗಿದ ಹನ್ನೆರಡು ಮಕ್ಕಳು. ಕೆಳಗೆ ಬರಹ: 'ಎಲ್ಲ ನಮ್ಮ ಮೇಡಂ ಕೈಗುಣ!' ಅದರ ಕೆಳಗೆ ಹನ್ನೊಂದು ತಾಯಂದಿರ ಚಪ್ಪಾಳೆ.

ನನ್ನ ಗಂಡ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಮೂಲೆಗೆ ಹೋದರು. ಅಲ್ಲಿ, ಪರದೆಯ ಸಂದಿಯಲ್ಲಿ, ನಾನಿದ್ದೆ. ಅರ್ಧ ಮುಖ, ಒಂದು ಮೊಣಕೈ.

ಅವರು ಗೋಡೆಯ ಕಡೆ ನೋಡಿದರು. ಫೋನನ್ನು ನೋಡಿದರು. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಇದು ಅನ್ಯಾಯ ರೀ," ಎಂದೆ. "ನಾನು ಆ ಡೇ ಕೇರ್‌ಗೆ ಹೆಸರಿಲ್ಲದೆ ಒಂದು ಪತ್ರ ಬರೀತೀನಿ. ಹೇಗೆ ಶುರು ಮಾಡೋದು ಹೇಳಿ."

ಅವರು ಬುಗುರಿಯನ್ನು ನನ್ನ ತೊಡೆಯಿಂದ ಎತ್ತಿಕೊಂಡು, ತಮ್ಮ ಪೆನ್ನನ್ನು ನನ್ನ ಕೈಗಿಟ್ಟರು.

"'ಮಾನ್ಯರೇ' ಅಂತ ಶುರು ಮಾಡು. ಉತ್ತರ ಬರಲ್ಲ. ಆದ್ರೆ ಬರೆದ್ಮೇಲೆ ಚೆನ್ನಾಗಿ ಊಟ ಸೇರುತ್ತೆ."