ಅತ್ತೆಗೊಂದು ಅಗ್ಗದ ಪಿಸ್ತೂಲು

ಓಪಲ್: ರಕೂನಂತೆ ರಕೂನು! ಫ್ರಿಜ್ಜಿನ ಬಾಗಿಲು ತೆಗೆದು, ಪೈ ಕುಯ್ಕೊಂಡು ತಿಂದು, ತಟ್ಟೆ ತೊಳೆದು ಬೋರಲು ಹಾಕಿ ಹೋಗೋ ರಕೂನು ಸಿಕ್ಕಿದ್ರೆ ನನ್ನ ಮಗಳನ್ನ ಅದಕ್ಕೇ ಕೊಟ್ಟು ಮದುವೆ ಮಾಡ್ತಿದ್ದೆ.

ಕರ್ಟಿಸ್: ಮೆಲ್ಲಗೆ ಮಾತಾಡಿ ಅತ್ತೆ. ಯಾರಾದ್ರೂ ಕೇಳಿಸ್ಕೊಂಡ್ರೆ ಏನಂದ್ಕೊಳ್ತಾರೆ?

ಓಪಲ್: ಕೇಳಿಸ್ಕೊಳ್ಳಲಿ. ಅವರಲ್ಲೇ ಕಳ್ಳ ಇದ್ರೆ ಎಚ್ಚರ ಆಗ್ಲಿ. ಹೋಬರ್ಟ್, ಆ ಗಾಜಿನ ಪೆಟ್ಟಿಗೆ ತೆಗಿಯಪ್ಪಾ.

ಕರ್ಟಿಸ್ ಸುತ್ತ ನೋಡಿದ. ಹೋಬರ್ಟ್‌ನ ಅಂಗಡಿಯ ಒಂದು ಬದಿಗೆ ಮೀನುಗಾಳ, ಎರೆಹುಳುವಿನ ಡಬ್ಬಿ, ರಬ್ಬರ್ ಬೂಟು. ಇನ್ನೊಂದು ಬದಿಗೆ ಗಾಜಿನಡಿಯಲ್ಲಿ ಸಾಲಾಗಿ ಮಲಗಿದ ಪಿಸ್ತೂಲುಗಳು. ಗಿರಾಕಿಗಳೆಂದು ಇದ್ದದ್ದು ಅತ್ತೆ, ಅಳಿಯ ಇಬ್ಬರೇ. ಕಳ್ಳನೆಂದು ಇದ್ದದ್ದು ಅವನೊಬ್ಬನೇ.

ಸಂಗತಿ ಇಷ್ಟು. ವಸಂತದಲ್ಲಿ ಡಾಕ್ಟರು ಕರ್ಟಿಸ್‌ನ ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರೆ ಬಿಡ್ತೀಯೋ, ಕಾಲು ಬಿಡ್ತೀಯೋ, ನೀನೇ ಆರಿಸ್ಕೋ" ಎಂದಿದ್ದರು. ಹೆಂಡತಿ ಟ್ವೈಲಾ ಅಂದು ಸಂಜೆಯೇ ಸಿಹಿ ಎಂಬುದನ್ನೆಲ್ಲ ಅಡುಗೆಮನೆಯಿಂದ ಗಡೀಪಾರು ಮಾಡಿದಳು. ಆದರೆ ರಸ್ತೆಯಾಚೆಗೆ ಅತ್ತೆ ಓಪಲ್‌ಳ ಮನೆ. ಓಝಾರ್ಕ್ ಬೆಟ್ಟಗಳ ಹಳೆಯ ಜನರಂತೆ ಆಕೆಗೂ ಬಾಗಿಲಿಗೆ ಬೀಗ ಹಾಕುವ ಅಭ್ಯಾಸವಿಲ್ಲ. ಮಂಗಳವಾರ ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಯಲು ಹೋದರೆ ಮರಳುವುದು ಸಂಜೆಗೇ. ಫ್ರಿಜ್ಜಿನಲ್ಲಿ ಬ್ಲ್ಯಾಕ್‌ಬೆರಿ ಹಣ್ಣು ತುಂಬಿ ಬೇಯಿಸಿದ ಪೈ. ಇಷ್ಟು ವರ್ಷದ ಸಂಸಾರದಲ್ಲಿ ಒಂದು ಲೋಟವನ್ನೂ ತೊಳೆಯದಿದ್ದ ಕರ್ಟಿಸ್, ಸಾಕ್ಷಿ ನಾಶಕ್ಕೆಂದು ತಟ್ಟೆ ತೊಳೆಯುವುದನ್ನು ಕಲಿತಿದ್ದ. ಪೈ ಮಾಯವಾಗುತ್ತಿದೆ ಎಂದು ಅತ್ತೆ ಗೊಣಗಿದಾಗ, ಮನೆಗಳಿಗೆ ನುಗ್ಗಿ ತಿಂಡಿ ಕದಿಯುವ ಕಾಡುಪ್ರಾಣಿ ರಕೂನಿನ ಮೇಲೆ ತಪ್ಪು ಹೊರಿಸಿದ್ದ.

ಈಗ ಅತ್ತೆ ಕಳ್ಳನಿಗಾಗಿ ಪಿಸ್ತೂಲು ಕೊಳ್ಳಲು ಹೊರಟಿದ್ದಳು. ಗಾಡಿ ಓಡಿಸಲು ಕಳ್ಳನನ್ನೇ ಕರೆತಂದಿದ್ದಳು.

ಹೋಬರ್ಟ್: ಕೈಯಲ್ಲಿ ಎಷ್ಟಿದೆ ಓಪಲಕ್ಕ?

ಓಪಲ್: ಕರು ಮಾರಿದ ನಾನೂರು ಡಾಲರ್. ಗುಂಡು, ತೆರಿಗೆ ಎಲ್ಲಾ ಅದರೊಳಗೇ ಮುಗೀಬೇಕು.

ಹೋಬರ್ಟ್: ಅಷ್ಟರಲ್ಲಿ ಒಳ್ಳೇದು ಬೇಕು ಅಂತೀರಿ.

ಓಪಲ್: ಕೆಟ್ಟದ್ದೇ ಸಾಕು ಅಂದಿದ್ರೆ ಮನೇಲೇ ಅಳಿಯ ಇದ್ನಲ್ಲ, ಬಿಟ್ಟಿ.

ಹೋಬರ್ಟ್ ನಗು ನುಂಗಿಕೊಂಡು, ಅಂಗೈಯಲ್ಲಿ ಅಡಗುವಂಥ ಪುಟ್ಟ ಪಿಸ್ತೂಲೊಂದನ್ನು ಮುಂದಿಟ್ಟ. ಅದರ ಹಿಡಿ ಗುಲಾಬಿ ಬಣ್ಣದ್ದು.

ಹೋಬರ್ಟ್: ಇದನ್ನ ಹೆಂಗಸರು ತುಂಬಾ ಕೇಳ್ತಾರೆ. ಕೈಚೀಲದಲ್ಲಿ ಇಟ್ಕೊಬಹುದು.

ಓಪಲ್: ಕಳ್ಳ ಬಂದಾಗ ತುಟಿಗೆ ಹಚ್ಕೊಳ್ಳೋದಾ ಇದನ್ನ?

ಕರ್ಟಿಸ್: ಇದನ್ನೇ ತಗೊಳ್ಳಿ ಅತ್ತೆ! ಎಷ್ಟು ಮುದ್ದಾಗಿದೆ. ಗುಂಡೂ ಸಣ್ಣದು, ತಗುಲಿದ್ರೂ ಅಂಥಾ ನೋವೇನಾಗಲ್ಲ.

ಓಪಲ್: ಯಾರಿಗೆ?

ಕರ್ಟಿಸ್: ನಿಮಗೆ... ಅಂದ್ರೆ ನಿಮ್ಮ ಕೈಗೆ.

ಹೋಬರ್ಟ್: ಅಲ್ಲೇ ಎಲ್ಲರೂ ಎಡವೋದು ಮಾರಾಯ. ಪಿಸ್ತೂಲು ಹಗುರ ಆದಷ್ಟೂ ಒದೆತ ಜಾಸ್ತಿ. ಹಾರಿಸಿದ ಕೈಗೇ ಒದೆಯುತ್ತೆ.

ಓಪಲ್: ಸಾಕಿದ ಕೈಗೇ ಒದೆಯೋರು ಮನೇಲೇ ಇದಾರೆ. ಮುಂದಿನದು ತೋರ್ಸು.

ಮುಂದಿನದು ಕಪ್ಪಗೆ, ಚೌಕಾಕಾರವಾಗಿ, ಬಡಗಿಯ ಸಲಕರಣೆಯಂತಿತ್ತು.

ಹೋಬರ್ಟ್: ಹಿಡಿ ಪ್ಲಾಸ್ಟಿಕ್ಕು. ಅಂದಚಂದ ಏನಿಲ್ಲ. ಆದ್ರೆ ಮುನ್ನೂರಕ್ಕೆ ಇದಕ್ಕಿಂತ ನಂಬಿಕಸ್ಥ ಹೊಸ ಮಾಲು ನನ್ನ ಹತ್ರ ಇಲ್ಲ. ಈ ಮೇಲಿನ ಕಬ್ಬಿಣಾನ ಹಿಂದಕ್ಕೆಳೆದು ಬಿಡಿ. ಆಗ ಗುಂಡು ಮೇಲೇರುತ್ತೆ.

ಓಪಲ್ ಎಳೆದಳು. ಸಂಧಿವಾತಕ್ಕೆ ಗಂಟುಕಟ್ಟಿದ ಬೆರಳುಗಳು ಬೆಳ್ಳಗಾದವು. ಹಲ್ಲು ಕಚ್ಚಿ ಮತ್ತೊಮ್ಮೆ ಎಳೆದಳು. ಕಬ್ಬಿಣ ಜಗ್ಗಲಿಲ್ಲ. ಕರ್ಟಿಸ್‌ನ ಮುಖ ಹಬ್ಬದ ಮುಖವಾಯಿತು.

ಕರ್ಟಿಸ್: ಅಯ್ಯೋ ಪಾಪ, ಆಗಲ್ಲ ಬಿಡಿ. ದೇವರಿಗೇ ಇಷ್ಟ ಇಲ್ಲ. ದಾರೀಲಿ ಒಂದು ಬೀಗ ಕೊಂಡ್ಕೊಂಡು ಹೋಗೋಣ. ಹತ್ತು ಡಾಲರಿಗೆ ಮುಗೀತು.

ಓಪಲ್: ಮದುವೆಯಾಗಿ ಬಂದಾಗಿಂದ ಆ ಬಾಗಿಲಿಗೆ ಬೀಗ ಹಾಕಿಲ್ಲ. ತಿನ್ನೋನು ಅವನು, ಜೈಲು ನನಗಾ?

ಕರ್ಟಿಸ್: ನಾಯಿ ಸಾಕಿ ಮತ್ತೆ.

ಓಪಲ್: ಅದಕ್ಕೂ ಊಟ ಹಾಕ್ಬೇಕು. ಈಗ ಒಬ್ಬನಿಗೆ ಹಾಕ್ತಿರೋದೇ ಸಾಕಾಗಿದೆ.

ಹೋಬರ್ಟ್: ತಡೀರಿ. ಕಳ್ಳ ಎಂಥಾ ಆಳು ಅಂತ ಏನಾದ್ರೂ ಅಂದಾಜಿದೆಯಾ? ಅದಕ್ಕೆ ತಕ್ಕ ಗುಂಡು ನೋಡ್ಬಹುದು.

ಓಪಲ್: ಕಣ್ಣಾರೆ ಕಂಡಿಲ್ಲ. ಆದ್ರೆ ನಮ್ಮ ಯಜಮಾನರ ಓಕ್ ಮರದ ಕುರ್ಚಿ ಈಗ ಕೂತ್ರೆ ಅಳುತ್ತೆ. ಕೊಬ್ಬಿದ ಗೂಳಿಯಂಥೋನೇ ಇರ್ಬೇಕು.

ಕರ್ಟಿಸ್: ಗೂಳಿ ಅಂದ್ರೆ ಸ್ವಲ್ಪ ಜಾಸ್ತಿ ಆಯ್ತು!

ಓಪಲ್: ನಿನಗ್ಯಾಕೋ ಉರಿ?

ಕರ್ಟಿಸ್: ಉರಿ ಅಲ್ಲ. ನೋಡದ ಮನುಷ್ಯನ್ನ ಹಂಗೆಲ್ಲ ಅನ್ಬಾರ್ದು ಅಂತ. ಪಾಪ, ಹಸಿದೋನಿರಬಹುದು.

ಓಪಲ್: ಹಸಿದೋನು ಬ್ರೆಡ್ಡು ತಿಂತಾನೆ. ಬೇಯಿಸಿದ ಹುರುಳಿಕಾಯಿ ಮುಂದೇ ಇತ್ತು. ಅದನ್ನ ಪಕ್ಕಕ್ಕೆ ಸರಿಸಿ ಪೈಗೆ ಕೈ ಹಾಕಿದಾನೆ. ಇದು ಹಸಿವಲ್ಲ, ಬಾಯಿಚಪಲ.

ಕರ್ಟಿಸ್: ಆದ್ರೂ ತಟ್ಟೆ ತೊಳೆದಿಟ್ಟಿದಾನಲ್ಲ? ಒಳ್ಳೆ ಮನೆತನದೋನು.

ಓಪಲ್: ಏನು ತೊಳೆದ ಮಣ್ಣು! ಜಿಡ್ಡು ಹಂಗೇ ಇತ್ತು. ಹುಟ್ಟಿದಾಗಿಂದ ತಟ್ಟೆ ಮುಟ್ಟದ ಕೈ ಅದು.

ಈ ಮಾತು ಕರ್ಟಿಸ್‌ಗೆ ಗುಂಡಿಗಿಂತ ಆಳಕ್ಕೆ ನಾಟಿತು. ಅವನು ಸೋಪು ಹಾಕಿಯೇ ತೊಳೆದಿದ್ದ.

ಹೋಬರ್ಟ್ ಒಳಗೆ ಹೋಗಿ ಚರ್ಮದ ಚೀಲವೊಂದನ್ನು ತಂದ. ಒಳಗಿಂದ ಹಳೆಯ ರಿವಾಲ್ವರ್ ಹೊರಬಂತು. ಅಂಚಿನಲ್ಲೆಲ್ಲ ಕಪ್ಪು ಬಣ್ಣ ಸವೆದು ಬೆಳ್ಳಿಯಂತೆ ಮಿನುಗುತ್ತಿತ್ತು.

ಹೋಬರ್ಟ್: ಪೊಲೀಸರು ಹಳೇದು ಕೊಟ್ಟು ಹೊಸದು ತಗೊಂಡಾಗ ಬಂದದ್ದು. ಜೀವಮಾನವೆಲ್ಲ ಯಾರದೋ ಸೊಂಟದಲ್ಲೇ ಕಳೆದಿದೆ, ಹಾರಿಸಿದ್ದು ಕಮ್ಮಿ. ಹೊರಗೆ ಸವೆದಿದೆ, ಒಳಗೆ ಹೊಸದು. ಎಳೆಯೋದು ಗಿಳಿಯೋದು ಏನಿಲ್ಲ. ತುಂಬು, ಗುರಿ ಇಡು, ಒತ್ತು. ಮುನ್ನೂರ ಎಂಬತ್ತು.

ಕರ್ಟಿಸ್: ಮುನ್ನೂರ ಎಂಬತ್ತಾ? ಹಿಡಿ ಬಿರುಕು ಬಿಟ್ಟಿದೆ, ಬಣ್ಣ ಹೋಗಿದೆ. ನಮ್ಮಜ್ಜನ ಕಾಲದ್ದು. ಇದನ್ನ ಕೊಳ್ಳೋದಾ?

ಓಪಲ್: ನನ್ನ ಬಣ್ಣಾನೂ ಹೋಗಿದೆ. ಹಾಗಂತ ಕೆಲಸ ನಿಂತಿದೆಯಾ?

ಹೋಬರ್ಟ್: ಒಂದೇ ಮಾತು ಓಪಲಕ್ಕ. ಎದುರಿಗೆ ಯಾರು ಅಂತ ಸರಿಯಾಗಿ ನೋಡದೆ ಬೆರಳು ಆಡಿಸ್ಬಾರ್ದು. ಕಣ್ಣು ಹೇಗಿದೆ?

ಓಪಲ್: ಹತ್ತಿರದ್ದು ಚೆನ್ನಾಗಿ ಕಾಣುತ್ತೆ. ದೂರದ್ದು ಸ್ವಲ್ಪ ಮಂಜು.

ಕರ್ಟಿಸ್: ದೂರ ಅಂದ್ರೆ ಎಷ್ಟು ದೂರ?

ಓಪಲ್: ಹಿಂಬಾಗಿಲಿಂದ ಫ್ರಿಜ್ಜಿನಷ್ಟು.

ಅಂಗಡಿಯ ಹಿಂದೆ ಮಣ್ಣಿನ ದಿಬ್ಬವೊಂದಿತ್ತು. ಕೊಳ್ಳುವ ಮುನ್ನ ಹಾರಿಸಿ ನೋಡುವವರಿಗಾಗಿ ಹೋಬರ್ಟ್ ಅಲ್ಲಿ ಹಲಗೆ ನೆಟ್ಟು, ಅದಕ್ಕೊಂದು ಕಾಗದದ ಮನುಷ್ಯನನ್ನು ಅಂಟಿಸಿದ್ದ. ಓಪಲ್ ಕನ್ನಡಕ ಒರೆಸಿ ಹಾಕಿಕೊಂಡಳು, ಕಿವಿಗೆ ಮುಚ್ಚಿಗೆ ಏರಿಸಿದಳು, ಹಿಟ್ಟು ನಾದಲು ನಿಂತವಳಂತೆ ಕಾಲು ಅಗಲಿಸಿ ನಿಂತಳು. ಸದ್ದಿಗೆ ಓಕ್ ಮರದ ಕಾಗೆಗಳೆಲ್ಲ ಎದ್ದು ಹೋದವು. ಹೊಗೆ ಕರಗಿದಾಗ ಕಾಗದದ ಮನುಷ್ಯನ ಎದೆ, ತಲೆ ಎಲ್ಲ ಕ್ಷೇಮವಾಗಿದ್ದವು. ಹೊಟ್ಟೆ ಮಾತ್ರ ಜರಡಿ.

ಹೋಬರ್ಟ್: ಗುಂಡೆಲ್ಲ ಒಂದೇ ಕಡೆ ಬಿದ್ದಿವೆ! ಆದ್ರೆ ಎದೆಗೆ ಗುರಿ ಇಡ್ಬೇಕಿತ್ತು ಓಪಲಕ್ಕ.

ಓಪಲ್: ನನ್ನ ಪೈ ಹೋಗಿದ್ದು ಎದೆಗಲ್ಲ.

ಕರ್ಟಿಸ್‌ನ ಕೈ ತಾನಾಗಿಯೇ ತನ್ನ ಹೊಟ್ಟೆಯ ಮೇಲೆ ಹೋಯಿತು. ಮುಚ್ಚಲು ಎರಡು ಕೈ ಸಾಲದು ಎಂಬುದು ಅವನಿಗೆ ಆಗಲೇ ತಿಳಿದದ್ದು.

ಕರ್ಟಿಸ್: ಹೋಬರ್ಟ್, ಅದನ್ನ ಅತ್ತೆ ಕೈಯಿಂದ ಇಸ್ಕೋ. ಇಸ್ಕೊಂಡ್ಯಾ? ಖಾಲಿ ಇದೆಯಾ ನೋಡು. ಇನ್ನೊಂದ್ಸಲ ನೋಡು. ಸರಿ. ಅತ್ತೆ... ನಾನೇ.

ಓಪಲ್: ಏನು ನೀನೇ?

ಕರ್ಟಿಸ್: ರಕೂನು.

ಓಪಲ್ ನಿಧಾನವಾಗಿ ಕಿವಿಯ ಮುಚ್ಚಿಗೆ ತೆಗೆದಳು.

ಓಪಲ್: ಗೊತ್ತು.

ಕರ್ಟಿಸ್: ಗೊತ್ತಾ? ಯಾವತ್ತಿಂದ?

ಓಪಲ್: ಮೊದಲನೇ ಪೈಯಿಂದ. ಆಮೇಲಿನವು ನಾನು ಮಾಡಿದ್ದೇ ಅಲ್ಲ. ಟ್ವೈಲಾ ಮಾಡಿ ತಂದಿಡ್ತಿದ್ಲು. ಒಂದು ಹರಳು ಸಕ್ಕರೆ ಇಲ್ಲ. ಮೈದಾ ಇಲ್ಲ, ಬಾದಾಮಿ ಹಿಟ್ಟು.

ಕರ್ಟಿಸ್: ಸುಳ್ಳು! ಅದು ಜೇನು ಜೇನಾಗಿತ್ತು!

ಓಪಲ್: ಅದನ್ನೇ ಮನೇಲಿ ಬಡಿಸಿದಾಗ "ಹೊಟ್ಟು ತಿಂದಂಗಿದೆ" ಅಂತ ತಟ್ಟೆ ತಳ್ಳಿದ್ಯಂತೆ. ನನ್ನ ಫ್ರಿಜ್ಜಿಗೆ ಬಂದ ಕೂಡ್ಲೇ ಅಮೃತ ಆಯ್ತು. ಕದ್ದ ಹಣ್ಣಿಗೆ ರುಚಿ ಜಾಸ್ತಿ ಅಲ್ವಾ? "ಅಮ್ಮಾ, ಕದೀಲಿ ಬಿಡು, ಅವನ ಸಕ್ಕರೆ ಇಳೀತಿದೆ" ಅಂದ್ಲು ನಿನ್ನ ಹೆಂಡ್ತಿ.

ಕಳೆದ ತಿಂಗಳು ಡಾಕ್ಟರು ಬೆನ್ನು ತಟ್ಟಿ ಹೊಗಳಿದ್ದು ಕರ್ಟಿಸ್‌ಗೆ ನೆನಪಾಯಿತು. "ಎಲ್ಲಾ ಮನಸ್ಸಿನ ಗಟ್ಟಿತನ ಡಾಕ್ಟ್ರೇ" ಎಂದು ತಾನು ಎದೆಯುಬ್ಬಿಸಿ ಹೇಳಿದ್ದೂ ನೆನಪಾಯಿತು. ಹೋಬರ್ಟ್ ಬೇರೆ ಕಡೆ ತಿರುಗಿ ನಿಂತಿದ್ದ. ಅವನ ಭುಜ ಮಾತ್ರ ಕುಣಿಯುತ್ತಿತ್ತು.

ಕರ್ಟಿಸ್: ನಾನೇ ಅಂತ ಗೊತ್ತಿದ್ದೂ ಪಿಸ್ತೂಲಾ? ಅಷ್ಟೊಂದು ಸಿಟ್ಟಾ ನನ್ನ ಮೇಲೆ?

ಓಪಲ್: ನಿನಗೆ ಗುಂಡು ಹಾಕಿ ದುಡ್ಡು ದಂಡ ಮಾಡ್ತೀನಾ? ಬೇರೆ ಒಬ್ಬ ಬಂದಿದ್ದ.

ಅವಳ ದನಿ ತಗ್ಗಿತು. ಹೋಬರ್ಟ್‌ನ ಭುಜ ನಿಂತಿತು.

ಓಪಲ್: ಹೋದ ತಿಂಗಳು ಒಂದು ಮಂಗಳವಾರ. ಮಂಡಿ ನೋವು ಅಂತ ಚರ್ಚಿಗೆ ಹೋಗಿರ್ಲಿಲ್ಲ. ಹಿಂಬಾಗಿಲು ತೆಗೆದ ಸದ್ದಾಯ್ತು. ನೀನೇ ಅಂದ್ಕೊಂಡು "ಫ್ರಿಜ್ಜಲ್ಲಿ ಕೆಳಗಡೆ ಇದೆ, ತಿಂದು ಸಾಯಿ" ಅಂತ ಕೂಗ್ದೆ. ತಲೆ ಎತ್ತಿ ನೋಡಿದ್ರೆ ನೀನಲ್ಲ. ಯಾರೋ. ಮಾತಿಲ್ಲ, ಕತೆಯಿಲ್ಲ. ಅಡುಗೆಮನೆಯೆಲ್ಲ ಒಂದ್ಸಲ ನೋಡ್ದ. ನನ್ನ ನೋಡ್ದ. ಬಾಗಿಲು ತೆರೆದಿಟ್ಟೇ ಹೋದ.

ಕರ್ಟಿಸ್: ಶೆರಿಫ್ ಕಚೇರಿಗೆ ಹೇಳ್ಲಿಲ್ವಾ?

ಓಪಲ್: ಹೇಳ್ದೆ. ಒಬ್ಬ ಪೊಲೀಸಿನೋನು ಬಂದು "ಏನು ಹೋಯ್ತು?" ಅಂದ. ಏನೂ ಇಲ್ಲ ಅಂದೆ. "ಹಾಗಾದ್ರೆ ಏನು ತೊಂದ್ರೆ?" ಅಂದ. ನಿದ್ದೆ ಹೋಯ್ತು ಅಂದಿದ್ರೆ ಹುಡುಕಿ ತಂದ್ಕೊಡ್ತಿದ್ನೇನೋ.

ಕರ್ಟಿಸ್: ಟ್ವೈಲಾಗಾದ್ರೂ ಹೇಳ್ಬಹುದಿತ್ತು.

ಓಪಲ್: ಹೇಳಿದ್ರೆ ಮಾರನೇ ಬೆಳಿಗ್ಗೆ ನನ್ನ ಮಂಚ ನಿಮ್ಮ ಹಿಂದಿನ ಕೋಣೇಲಿ, ನನ್ನ ಮನೆ ಮುಂದೆ ಮಾರಾಟಕ್ಕಿದೆ ಅನ್ನೋ ಬೋರ್ಡು. ಉಳಿದ ಆಯಸ್ಸೆಲ್ಲ ನಿನ್ನ ಮುಖ ನೋಡ್ಕೊಂಡಿರೋದಕ್ಕಿಂತ ಪಿಸ್ತೂಲು ಅಗ್ಗ ಅನ್ನಿಸ್ತು.

ಖಾಲಿ ಮನೆಯ ಅಡುಗೆಮನೆಯಲ್ಲಿ ಅತ್ತೆ ಯಾರೋ ಅಪರಿಚಿತನನ್ನು ಅಳಿಯನೆಂದು ತಿಳಿದು ಗದರಿದ್ದು, ಆಮೇಲೆ ತಲೆ ಎತ್ತಿದ್ದು ಕರ್ಟಿಸ್‌ನ ಕಣ್ಣಿಗೆ ಕಟ್ಟಿತು. ಅವನು ದಡದಡನೆ ಅಂಗಡಿಯೊಳಗೆ ನಡೆದ.

ಕರ್ಟಿಸ್: ಹೋಬರ್ಟ್, ಈ ಹಿಡಿ ಬಿರುಕು ಬಿಟ್ಟಿದೆ. ಮುನ್ನೂರ ಎಂಬತ್ತು ಆಗಲ್ಲ.

ಹೋಬರ್ಟ್: ಕೊಳ್ಳಬಾರದು ಅಂದಾಗ್ಲೂ ಇದೇ ಬಿರುಕು ತೋರ್ಸಿದ್ಯಲ್ಲೋ!

ಕರ್ಟಿಸ್: ಈಗ ಕೊಳ್ಳೋಕೆ ತೋರಿಸ್ತಿದೀನಿ. ಬಿರುಕು ಅದೇ, ನಾನು ಬೇರೆ. ಬಣ್ಣಾನೂ ಹೋಗಿದೆ ನೋಡು.

ಹೋಬರ್ಟ್: ಓಪಲಕ್ಕ, ನಿಮ್ಮ ಅಳಿಯ ಕಳ್ಳನಾಗೇ ಇದ್ದಿದ್ರೆ ನನಗೆ ಲಾಭ ಇತ್ತು.

ಹಗ್ಗಜಗ್ಗಾಟ ನಡೆದು ಕೊನೆಗೆ ನಾನೂರರೊಳಗೇ ರಿವಾಲ್ವರು, ಒಂದು ಡಬ್ಬಿ ಗುಂಡು, ಬೀಗದ ಕಬ್ಬಿಣದ ಪೆಟ್ಟಿಗೆ, ತೆರಿಗೆ ಎಲ್ಲ ಹೊಂದಿಕೊಂಡವು. ಹೋಬರ್ಟ್ ಕಾನೂನಿನಂತೆ ಸರ್ಕಾರಕ್ಕೆ ಫೋನು ಹಚ್ಚಿ, ಓಪಲ್ ಮೇಲೆ ಕೊಲೆ ದರೋಡೆಯ ಕೇಸುಗಳಾವುವೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. "ಇನ್ನೂ ಇಲ್ಲ ಅನ್ನು" ಎಂದಳು ಓಪಲ್.

ಕರ್ಟಿಸ್: ಅತ್ತೆ, ಇನ್ಮೇಲೆ ಮಂಗಳವಾರ ನಿಮ್ಮ ಕೌದಿ ಮುಗಿದ ಮೇಲೆ ನಾನೇ ಬಂದು ನಿಮ್ಮನ್ನ ಇಲ್ಲಿಗೆ ಅಭ್ಯಾಸಕ್ಕೆ ಕರ್ಕೊಂಡು ಬರ್ತೀನಿ. ಬರುವಾಗ ಬಾಗಿಲು ಬಡೀತೀನಿ, ಹೆಸರು ಹೇಳ್ತೀನಿ.

ಓಪಲ್: ಜೋರಾಗಿ ಹೇಳು.

ಕರ್ಟಿಸ್: ಆದ್ರೆ ಟ್ವೈಲಾ ಕಿವಿಗೆ ಮಾತ್ರ ಇದು ಬೀಳ್ಬಾರ್ದು. ಹೋಬರ್ಟ್, ನಿನಗೂ ಹೇಳ್ತಿದೀನಿ. ಬಂದೂಕು ಅಂದ್ರೆ ಅವಳಿಗೆ ಕೈಕಾಲು ನಡುಗುತ್ತೆ. ಪಟಾಕಿಗೂ ಕಿವಿ ಮುಚ್ಕೊಳ್ಳೋಳು, ಪಾಪ.

ಹೋಬರ್ಟ್ ಓಪಲ್‌ಳ ಮುಖ ನೋಡಿದ. ಓಪಲ್ ಮೀನುಗಾಳಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಹೋಬರ್ಟ್: ಹಾಗಾದ್ರೆ... ನೀನೇ ಅವಳಿಗೆ ಹೇಳ್ತೀಯಾ, ಇಲ್ಲಾ ನಾನೇ ಫೋನ್ ಮಾಡ್ಲಾ? ಅವಳದು ರಿಪೇರಿ ಆಗಿದೆ. ಬಂದು ತಗೊಂಡು ಹೋಗ್ಬೇಕು.

ಕರ್ಟಿಸ್: ಅವಳದು ಏನು?

ಹೋಬರ್ಟ್: ರಿವಾಲ್ವರು.

ಕರ್ಟಿಸ್: ನಮ್ಮ ಮನೇಲಿ ರಿವಾಲ್ವರ್ ಇದೆಯಾ? ಅತ್ತೆ! ಎಷ್ಟು ದಿನದಿಂದ?

ಓಪಲ್: ಮದುವೇಲಿ ಅವಳಪ್ಪ ಕೊಟ್ಟಿದ್ದು. ನಿನ್ನ ನೋಡಿದ ದಿನವೇ ಕೊಂಡ್ರು.

ಕರ್ಟಿಸ್: ಅವತ್ತಿಂದ ಇವತ್ತಿನ ತನಕ ಒಂದು ದಿನಾನೂ ನನ್ನ ಕಣ್ಣಿಗೆ ಬಿದ್ದಿಲ್ವಲ್ಲ! ಅಂಥಾ ಜಾಗ ಎಲ್ಲಿದೆ ನಮ್ಮ ಮನೇಲಿ?

ಓಪಲ್: ಪೊರಕೆ ಹಿಂದೆ.